ಇಪ್ಪತ್ತು ಹನಿ ಅಣಬೆ

ಶ್ರಾವಣದ ಹನ್ನೊಂದನೆಯ ದಿನ ಬೆಳಿಗ್ಗೆ ಬಸಂತರಾಯ ಮಾಸ್ತರ ಬಚ್ಚಲಮನೆಯ ಹೊರಗಿನ ಕಟ್ಟೆಯ ಪಕ್ಕದಲ್ಲಿ ಬಾಯಿ ತೆರೆದು, ನಾಲಗೆ ಮೇಲೆತ್ತಿ ನಿಂತಿದ್ದ. ಹೆಂಡತಿ ಸುನಂದಾ ಹನಿ ಎಣಿಸುತ್ತಿದ್ದಳು. ಹದಿನಾರು, ಹದಿನೇಳು. ನಲವತ್ತಾರು ವರ್ಷದ ಗಂಡಸು, ಮುದ್ದೇಬಿಹಾಳದಂಥ ತಾಲೂಕು ಊರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಹಕ್ಕಿಮರಿಯ ಹಾಗೆ ಹೆಂಡತಿಯೆದುರು ಬಾಯಿ ಬಿಟ್ಟು ನಿಲ್ಲುವುದರಲ್ಲಿ ಒಂದು ಅವಮಾನವಿದೆಯೆಂದು ಮೊದಲ ದಿನ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಈಗ ಸೀಸೆಯ ಮುಚ್ಚಳ ತಿರುಗುವ ಸದ್ದಿಗೇ ಬಾಯಲ್ಲಿ ನೀರೂರುತ್ತದೆ. ಇಪ್ಪತ್ತು ಅಂದಾಗ ಅವನು ಬಾಯಿ ಮುಚ್ಚಿದ, ಕಣ್ಣನ್ನೂ ಮುಚ್ಚಿದ. ಮೊದಲು ಕಹಿ. ಆಮೇಲೆ ಮಳೆಯಲ್ಲಿ ನೆನೆದ ಹಳೇ ಕಟ್ಟಿಗೆಯ ವಾಸನೆ. ಅವೆರಡೂ ಹೋದ ಮೇಲೆ ನಾಲಗೆಯ ಬುಡದಿಂದ ಗಂಟಲಿಗೆ ಇಳಿಯುವ ಒಂದು ಸಣ್ಣ ಬಿಸಿ. ಆ ಬಿಸಿಯನ್ನು ಅವನು ಮದುವೆಗೆ ಮುಂಚಿನಿಂದ ಬಲ್ಲ. ಅಣಬೆಯ ಔಷಧಿಯೆಂದು ಕೊಟ್ಟ ಆ ಸೀಸೆಯಲ್ಲಿ ಸೆರೆಯಿತ್ತು, ಮದ್ಯವಿತ್ತು. ಅದು ಸುನಂದಾಳಿಗೆ ಗೊತ್ತಿಲ್ಲ. ಅವನಿಗೆ ಎರಡನೆಯ ದಿನದಿಂದಲೇ ಗೊತ್ತು, ಹೇಳಿರಲಿಲ್ಲ.

"ಆತು, ಬಾಯಿ ಮುಕ್ಕಳಿಸಿ ಒಳಗ ಬರ್ರಿ. ನಾಷ್ಟಾ ಆರಾಕತ್ತೈತಿ" ಎಂದು ಸುನಂದಾ ಸೀಸೆಯನ್ನು ಕಟ್ಟೆಯ ಮೇಲಿನ ಗೂಡಿನಲ್ಲಿಟ್ಟು ಹೋದಳು. ಅವನು ಬಾಯಿ ಮುಕ್ಕಳಿಸಲು ಅವಸರ ಮಾಡಲಿಲ್ಲ. ಶ್ರಾವಣ ಹಿಡಿಯುವುದು ಈ ಕಡೆ ಹೊಸದೇನಲ್ಲ. ವರ್ಷವಿಡೀ ಕುಡಿಯುವವರು ಅಮಾವಾಸ್ಯೆಯ ಮರುದಿನದಿಂದ ಒಂದು ತಿಂಗಳು ಹಣೆತುಂಬ ವಿಭೂತಿ ಬಳಿದುಕೊಂಡು ಗುಡಿಯ ಪುರಾಣಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಊರು ಕೂಡ ಅವರನ್ನು ಆ ಒಂದು ತಿಂಗಳ ಮಟ್ಟಿಗೆ ಮನುಷ್ಯರೆಂದು ನಂಬುತ್ತದೆ. ಆದರೆ ಈ ಸಲ ಬಸಂತರಾಯನ ಶ್ರಾವಣಕ್ಕೆ ಆಣೆಯ ಬಿಗಿ ಇತ್ತು. ಹನ್ನೊಂದು ವರ್ಷದ ಮಗಳು ವಿದ್ಯಾವತಿಯನ್ನು ಸುನಂದಾ ಚಾಪೆಯ ಮೇಲೆ ಕೂರಿಸಿ, ಅವಳ ತಲೆಯ ಮೇಲೆ ಅವನ ಕೈ ಇಡಿಸಿದ್ದಳು. ಹುಡುಗಿ ಆಗಷ್ಟೇ ಎಣ್ಣೆ ಹಚ್ಚಿಕೊಂಡಿದ್ದಳು, ಬೈತಲೆ ತಣ್ಣಗಿತ್ತು. ಕೂದಲು ಕತ್ತರಿಸುವಾಗ ಕೂರುವ ಹಾಗೆ ಅವಳು ಕಣ್ಣು ಮುಚ್ಚಿ ಬಿಗಿಯಾಗಿ ಕುಳಿತಿದ್ದಳು. "ಒಂದು ಹನೀನೂ ಬಾಯಾಗ ಹಾಕಂಗಿಲ್ಲ ಅನ್ರಿ" ಎಂದಿದ್ದಳು ಸುನಂದಾ. ಅವನು ಅಂದಿದ್ದ. "ಈ ಸಲ ಮುರಿದ್ರ ನಾ ಕೂಸಿನ ಕರ್ಕೊಂಡು ಸಿಂದಗಿಗೆ ಹೋಗ್ತೇನಿ. ಅಳಂಗಿಲ್ಲ, ಒದರಂಗಿಲ್ಲ. ಹೋಗ್ತೇನಿ" ಎಂದಿದ್ದಳು, ನಾಳೆ ಕಾಯಿಪಲ್ಲೆ ತರಬೇಕು ಅನ್ನುವ ದನಿಯಲ್ಲಿ. ಆ ದನಿಗೆ ಅವನು ಹೆದರಿದ್ದ. ಆಣೆ ಗೀಣೆ ಅವನು ನಂಬುವವನಲ್ಲ, ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುವವನೇ ಅವನು. ಆದರೂ ಐದನೆಯ ದಿನ ವಿದ್ಯಾಳಿಗೆ ಸಂಜೆ ಸ್ವಲ್ಪ ಮೈ ಬಿಸಿಯಾದಾಗ ಪಕ್ಕದಲ್ಲಿ ಕೂತು ಎರಡೆರಡು ನಿಮಿಷಕ್ಕೆ ಹಣೆ ಮುಟ್ಟಿ ನೋಡಿದ. ಇಪ್ಪತ್ತು ಹನಿಯೆಂದರೆ ಒಂದು ಎಂ.ಎಲ್., ಅದರ ಮೂರನೆಯ ಒಂದು ಪಾಲು ಸೆರೆ, ಮಾವಿನಹಣ್ಣು ಕೊಳೆತರೂ ಇಷ್ಟು ಇರುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲೆಕ್ಕ ಸರಿಯಿತ್ತು. ಲೆಕ್ಕ ಹಾಕುತ್ತಿದ್ದ ಮನುಷ್ಯ ಮಾತ್ರ ಕೊಳೆತ ಮಾವಿನಹಣ್ಣಿಗಾಗಿ ಎಂದೂ ಹಾಗೆ ಬಾಯಿ ತೆರೆದು ನಿಂತವನಲ್ಲ.

ಸೀಸೆ ಬಂದದ್ದು ಸುನಂದಾಳ ತಮ್ಮ ಚೇತನಕುಮಾರನ ಕೈಯಿಂದ. ಅವನು ಸಿಂದಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ದೇವರ ಹಿಪ್ಪರಗಿಯ ಸಂತೆಯ ದಿನ ಅಲ್ಲಿಗೂ ಒಂದು ಟೇಬಲ್ಲು ಒಯ್ದು ಹಾಕುತ್ತಿದ್ದ. ಮೊಬೈಲಿನ ಕವರುಗಳ ಪಕ್ಕದಲ್ಲಿ ಈ ವರ್ಷ ಅಣಬೆಯ ಔಷಧಿಯೂ ಕೂತಿತ್ತು. ಅಮಾವಾಸ್ಯೆಯ ಹಿಂದಿನ ದಿನ ಮೋಟಾರ್‌ಸೈಕಲ್ಲಿನ ಮೇಲೆ ಬಂದು, ಎರಡು ಕಂದು ಸೀಸೆಗಳನ್ನು ಪಡಸಾಲೆಯ ನಡುವೆ ಇಟ್ಟು, ಫೋನಿನಲ್ಲಿ ಒಂದು ವಿಡಿಯೋ ಹಚ್ಚಿದ. ಕೆಂಪಗೆ ಮಿಂಚುವ, ಮೆರುಗೆಣ್ಣೆ ಹಚ್ಚಿದಂತಿದ್ದ ಒಂದು ಅಣಬೆ ಪರದೆಯ ಮೇಲೆ ತಿರುಗುತ್ತಿತ್ತು. "ಇದರ ಹೆಸರು ರೇಶಿ, ಮಾಮಾ. ಕುಡಿಯೂದು ಬಿಟ್ಟಾಗ ನಿದ್ದಿ ಬರಂಗಿಲ್ಲ ನೋಡ್ರಿ, ಕೈ ನಡುಗ್ತಾವು, ಸಿಟ್ಟು ಬರ್ತೈತಿ, ಅದಕ್ಕೆಲ್ಲಾ ಇದು ಆಸರಿ. ಲಿವರ್ ತೊಳಿತೈತಿ ಅಂತಾರ. ನಾ ಅಲ್ಲ, ಕಂಪನ್ಯಾವ್ರು ಅಂತಾರ." ಹಾಗೆ ಜವಾಬ್ದಾರಿಯನ್ನು ಬೇರೆಯವರ ಮೇಲೆ ಹಾಕಿ ಮಾತಾಡುವುದನ್ನು ಅವನು ಎಲ್ಲಿ ಕಲಿತನೋ, ಚೆನ್ನಾಗಿ ಕಲಿತಿದ್ದ. ಬಸಂತರಾಯ, ತನ್ನೆದುರಿಗೇ ತನ್ನ ಕೈ ನಡುಗುವುದರ ಬಗ್ಗೆ ಹೆಂಡತಿಯ ತಮ್ಮ ಮಾತಾಡುವಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

ಗದ್ದಲವೆದ್ದದ್ದು ಒಳಗಿನಿಂದ. ಅವನ ತಾಯಿ ಚನ್ನವ್ವ ಲಚ್ಯಾಣದ ಮಠದ ನೆರಳಿನಲ್ಲಿ ಬೆಳೆದವಳು. ಲಿಂಗಪೂಜೆಯಾಗದೆ ನೀರೂ ಮುಟ್ಟದವಳು. ಅಣಬೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ದೇವರ ಕೋಣೆಯಿಂದ ಎದ್ದು ಬಂದಳು. "ಸಗಣ್ಯಾಗ ಹುಟ್ಟಿದ ನಾಯಿಕೊಡಿ ಶ್ರಾವಣದಾಗ ನನ್ನ ಮನಿಯೊಳಗ ತರ್ತಿಯೇನೋ? ಅದು ಕಾಯಿಪಲ್ಲೇನೂ ಅಲ್ಲ, ಕಾಳೂ ಅಲ್ಲ. ಅದಕ್ಕ ಬೀಜಿಲ್ಲ, ಹೂವಿಲ್ಲ. ಅದು ಏನಂತ ಯಾರಿಗೆ ಗೊತ್ತೈತಿ?" ಚೇತನಕುಮಾರ ಇದಕ್ಕೂ ತಯಾರಾಗಿಯೇ ಬಂದಿದ್ದ. "ಯವ್ವಾ, ಇದು ತಿಪ್ಪಿ ಮ್ಯಾಲಿಂದಲ್ಲ. ಗಿಡದ ಬೊಡ್ಡಿ ಮ್ಯಾಲೆ ಬೆಳಿತೈತಿ, ಕಟಿಗಿ ಇದ್ದಂಗ." ಚನ್ನವ್ವ ಒಪ್ಪಲಿಲ್ಲ. ಸುನಂದಾ ಎಂದೂ ಅತ್ತೆಗೆ ಎದುರಾಡದವಳು ಆ ದಿನ ಎದುರಾಡಿದಳು, ಗಂಡನಿಗಿಂತ ಮಡಿ ದೊಡ್ಡದೇನ್ರಿ ಎಂದು ಕೇಳಿಯೇಬಿಟ್ಟಳು. ಕಡೆಗೆ ಪುರಾಣ ಹೇಳಲು ಬಂದಿದ್ದ ಸ್ವಾಮಿಗಳನ್ನು ಕೇಳಿಕೊಂಡು ಬರುವುದೆಂದಾಯಿತು. ಔಷಧಿಗೆ ದೋಷವಿಲ್ಲವೆಂದು ಅವರು ಹೇಳಿದರಂತೆ. "ಅವ್ರು ಹೇಳಿದ್ರ ಹೇಳ್ಲಿ. ಹೊಸ್ತಿಲ ದಾಟಿ ಬರಬಾರದು" ಎಂದು ಚನ್ನವ್ವ ತನ್ನದೊಂದು ತೀರ್ಪು ಸೇರಿಸಿದಳು. ಹೀಗಾಗಿ ಸೀಸೆ ಬಚ್ಚಲ ಕಟ್ಟೆಯ ಗೂಡಿನಲ್ಲಿ, ಬೆಳಿಗ್ಗೆ ಸಂಜೆ ಹನಿ ಹೊರಗೆ ನಿಂತು, ಮೂರು ಸಲ ಬಾಯಿ ಮುಕ್ಕಳಿಸಿ ಒಳಗೆ. ಎರಡು ದಿನ ಇಡೀ ಮನೆ ಅಣಬೆ ಸಸ್ಯವೋ ಮಾಂಸವೋ ಎಂದು ವಾದ ಮಾಡಿತು. ಅದನ್ನು ನೆನೆಹಾಕಿಟ್ಟ ದ್ರವ ಯಾವುದೆಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಆ ಪ್ರಶ್ನೆ ಕೇಳಬಹುದಾಗಿದ್ದವನು ಅವನೊಬ್ಬನೇ, ಅವನು ತೊಡೆಯ ಕೆಳಗೆ ಕೈಯಿಟ್ಟುಕೊಂಡು ಕೂತಿದ್ದ.

ನಾಲ್ಕನೆಯ ದಿನ ಬಚ್ಚಲಿಗೆ ಹೋಗುವ ನೆಪದಲ್ಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ್ದ. ಸಣ್ಣ ಇಂಗ್ಲಿಷ್ ಅಕ್ಷರಗಳ ಮೇಲೆ ಚೇತನಕುಮಾರ ತನ್ನ ಅಂಗಡಿಯ ಚೀಟಿ ಅಂಟಿಸಿದ್ದ, ಫೋನ್ ನಂಬರು ಕಾಣಲಿ ಎಂದು. ಉಗುರಿನಿಂದ ಚೀಟಿಯ ಒಂದು ಮೂಲೆ ಎಬ್ಬಿಸಿದಾಗ ಕೆಳಗೆ ಇತ್ತು: ನೀರು, ಸೆರೆ ನೂರಕ್ಕೆ ಮೂವತ್ತೈದು. ಎದೆ ಹಗುರವಾಯಿತು. ಅದು ಸಂತೋಷವೆಂದು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಾಲಗೆ ಸುಳ್ಳು ಹೇಳಿರಲಿಲ್ಲ ಎಂಬ ಸಂತೋಷ, ಇನ್ನೂ ಇಪ್ಪತ್ತಾರು ದಿನ ಇದೆ ಎಂಬ ಸಂತೋಷ. ಆಮೇಲೆ ಎಬ್ಬಿಸಿದ ಚೀಟಿಯ ಮೂಲೆಯನ್ನು ಎಂಜಲು ಹಚ್ಚಿ ಮತ್ತೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತ. ಒಳಗೆ ವಿದ್ಯಾ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದಳು. ಹದಿನಾಲ್ಕರ ಮಗ್ಗಿಯಲ್ಲಿ ತಪ್ಪಿದಳು. ತಿದ್ದಬೇಕೆನ್ನಿಸಿ ಬಾಯಿ ತೆರೆದವನು, ಅಲ್ಲಿಂದ ಕೂಗಿದರೆ ಬಚ್ಚಲ ಹೊರಗೆ ಏನು ಮಾಡುತ್ತಿದ್ದಾನೆಂದು ಕೇಳಿಯಾರೆಂದು ಸುಮ್ಮನಾದ.

ಆರನೆಯ ದಿನದಿಂದ ಇಪ್ಪತ್ತು ಹನಿ ಸಾಲದಾಯಿತು. ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು ಸಲ ಡ್ರಾಪರ್ ತುಂಬ ಎಳೆದು ಬಾಯಿಗೆ ಬಿಟ್ಟುಕೊಳ್ಳುತ್ತಿದ್ದ, ಒಂದೇ ಒಂದು ಸಲ. ಸೀಸೆಯಲ್ಲಿ ಮಟ್ಟ ಇಳಿಯುವುದನ್ನು ಸುನಂದಾ ಗಮನಿಸಿದಳು. ಗಮನಿಸದಿರುವವಳಲ್ಲ ಅವಳು, ಹಾಲಿನ ಪಾತ್ರೆಯಲ್ಲಿ ಬೆರಳಿಟ್ಟು ಎಷ್ಟು ಕಮ್ಮಿಯಾಗಿದೆ ಹೇಳುತ್ತಾಳೆ. "ಇದರ ಮುಚ್ಚಳ ಸೋರಾಕತ್ತೈತಿ ಕಾಣ್ತೈತ್ರಿ. ಚೇತನ್ಯಾ ಹಿಂಗs, ಬರೇ ಅಗ್ಗದ್ದು ತರ್ತಾನ" ಎಂದು, ಕಟ್ಟೆಯ ಮೇಲೆ ಕೂತು, ಹೊಲಿಗೆಯ ದಾರವನ್ನು ಸೀಸೆಯ ಕುತ್ತಿಗೆಗೆ ಸುತ್ತಿ ಸುತ್ತಿ ಬಿಗಿದಳು. ಹಲ್ಲಿನಿಂದ ದಾರ ಕಡಿದಳು. ಅವನು ಪಕ್ಕದಲ್ಲಿ ನಿಂತು ನೋಡಿದ. ಈ ಹೆಂಗಸು ನನ್ನನ್ನು ಅನುಮಾನಿಸುವುದನ್ನೇ ಬಿಟ್ಟಿದ್ದಾಳಲ್ಲ ಎಂದು ಅವಳ ಮೇಲೆ ಸಿಟ್ಟು ಬಂತು. ಮದುವೆಯಾಗಿ ಹದಿನೆಂಟು ವರ್ಷ ಇವಳು ಅಂಗಿ ಮೂಸಿದ್ದಾಳೆ, ಜೇಬು ನೋಡಿದ್ದಾಳೆ, ಮಾತಿನಲ್ಲಿ ಒಂದು ಅಕ್ಷರ ಜಾರಿದರೂ ಹಿಡಿದಿದ್ದಾಳೆ. ಈಗ ಮಾತ್ರ ಮುಚ್ಚಳವನ್ನು ಬೈಯುತ್ತಿದ್ದಾಳೆ. ಅವನ ಬಾಯಿಯ ವಾಸನೆ ಅವಳಿಗೆ ಈಗ ಔಷಧಿಯ ವಾಸನೆ.

ಶ್ರಾವಣಕ್ಕೆ ಮುಂಚೆ, ಅದೇ ವಾಸನೆ ತಾಳಲಾರದೆ ಜುಲೈ ಮೊದಲ ವಾರ ಒಂಬತ್ತನೆಯ ತರಗತಿಯ ಮುಂದಿನ ಬೆಂಚಿನ ಹುಡುಗಿಯರು ಹಿಂದಿನ ಬೆಂಚಿಗೆ ಹೋಗಿದ್ದರು. ಆಮ್ಲ, ಪ್ರತ್ಯಾಮ್ಲ ಎಂದು ಬೋರ್ಡಿನ ಮೇಲೆ ಬರೆದು ಒಂದು ಗಳಿಗೆ ಕುರ್ಚಿಯಲ್ಲಿ ಕೂತದ್ದು ನೆನಪಿದೆ. ಎಚ್ಚರವಾದದ್ದು ಸದ್ದಿಗಲ್ಲ, ನಿಶ್ಶಬ್ದಕ್ಕೆ. ಐವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು, ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು. ಅವನ ಒಂದು ಕಾಲಿನ ಬೂಟು ಎಲ್ಲೋ ಜಾರಿ ಹೋಗಿತ್ತು. ಆಗ ಪ್ರಜ್ಞಾ ಎಂಬ ಹುಡುಗಿ, ಶಾಲೆಯ ಜವಾನ ಅಪ್ಪಾಸಾಬನ ಮಗಳು, ಎದ್ದು ಬಂದು, ಟೇಬಲ್ಲಿನ ಕೆಳಗಿಂದ ಬೂಟು ತೆಗೆದು ಅವನ ಪಾದದ ಹತ್ತಿರ ಇಟ್ಟಳು. ಬರೀ ಇಡಲಿಲ್ಲ, ಕಾಲು ಹಾಕಲು ಸುಲಭವಾಗಲೆಂದು ತಿರುಗಿಸಿ ಇಟ್ಟಳು. ಆ ತಿರುಗಿಸಿದ್ದನ್ನು ಅವನಿಗೆ ಮರೆಯಲಾಗುವುದಿಲ್ಲ. ಹೆಡ್‌ಮಾಸ್ತರರು ಅವನಿಗಿಂತ ಆರು ವರ್ಷ ಚಿಕ್ಕವರು. "ಸರ, ಮನಿಗೆ ಹೋಗಿ ಮಲಕೊಳ್ರಿ. ಮತ್ತ ಹಿಂಗಾದ್ರ ನಾ ಬರದು ಕಳಸಬೇಕಾಗ್ತೈತಿ" ಎಂದರು ಮೆಲ್ಲಗೆ. ಅಪ್ಪಾಸಾಬ ಮೋಟಾರ್‌ಸೈಕಲ್ಲಿನ ಮೇಲೆ ಮನೆಗೆ ಕರೆತಂದ. ಪ್ರತಿ ಉಬ್ಬು ಬಂದಾಗಲೂ "ಹಿಡ್ಕೊಳ್ರಿ ಸರ" ಅನ್ನುತ್ತಿದ್ದ. ಅದೊಂದು ಮಾತು ಬಿಟ್ಟು ದಾರಿಯಲ್ಲಿ ಬೇರೇನೂ ಆಡಲಿಲ್ಲ.

ಅಪ್ಪಾಸಾಬ ಕುಡಿತ ಬಿಟ್ಟು ಎರಡು ವರ್ಷ ದಾಟಿತ್ತು. ಅವನದು ಶ್ರಾವಣದ ಲೆಕ್ಕವಲ್ಲ. "ನಮಗೇನ್ ಶ್ರಾವಣ ಇಲ್ರಿ ಸರ. ಬಿಟ್ಟಿದ್ದು ಬಿಟ್ಟಂಗ" ಎಂದು ಒಮ್ಮೆ ಹೇಳಿದ್ದ. ಹೇಗೆ ಬಿಟ್ಟೆ ಎಂದು ಬಸಂತರಾಯ ಕೇಳಿರಲಿಲ್ಲ. ಉತ್ತರ ಬಹಳ ಸರಳವಾಗಿದ್ದರೆ ಏನು ಮಾಡುವುದೆಂದು ಭಯವಿತ್ತು. ಶ್ರಾವಣದ ಎಂಟನೆಯ ದಿನ ಸಂಜೆ ಹಾಜರಿಪುಸ್ತಕ ಕೊಡಲು ಮನೆಗೆ ಬಂದ ಅಪ್ಪಾಸಾಬ, ಬಾಗಿಲ ಹೊರಗೇ ನಿಂತು, ಅಂಗಾಲು ಉರಿಯುತ್ತವೆ, ನಿದ್ದೆ ಬರುವುದಿಲ್ಲ ಎಂದು ಸುನಂದಾಳ ಹತ್ತಿರ ಹೇಳಿದ. ಅವಳು ತಕ್ಷಣ ಕಟ್ಟೆಗೆ ಹೋಗಿ, ಚೇತನಕುಮಾರ ಕೊಟ್ಟಿದ್ದ ಎರಡನೆಯ ಸೀಸೆಯನ್ನು ತಂದು ಅವನ ಕೈಗೆ ಕೊಟ್ಟಳು. "ತಗೋ ಅಪ್ಪಾಸಾಬ. ನಮ್ಮನ್ಯಾರಿಗೆ ಇದರಿಂದನs ಆರಾಮಾಗೇತಿ. ಇಪ್ಪತ್ತು ಹನಿ, ನಾಲಿಗಿ ಕೆಳಗ." ಬಸಂತರಾಯ ಕುರ್ಚಿಯಿಂದ ಅರ್ಧ ಎದ್ದಿದ್ದ. ಬೇಡ ಎನ್ನಬೇಕಾಗಿತ್ತು. ಎರಡು ವರ್ಷ ನಾಲಗೆಗೆ ಸೋಕಿಸದವನಿಗೆ ಒಂದು ಹನಿಯೂ ಬರೀ ಹನಿಯಲ್ಲ ಎಂಬುದು ಅವನಷ್ಟು ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನ ಎದೆಯಲ್ಲಿ ಚುಚ್ಚಿದ್ದು ಅಪ್ಪಾಸಾಬನ ಚಿಂತೆಯಲ್ಲ. ಎರಡನೆಯ ಸೀಸೆ ಮನೆ ಬಿಟ್ಟು ಹೋಗುತ್ತಿದೆ ಎಂಬ ಸಂಕಟ. ತನ್ನ ಮನಸ್ಸನ್ನು ಹಾಗೆ ನೋಡಿ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದರಿಂದ ಮತ್ತೆ ಕುರ್ಚಿಯಲ್ಲಿ ಕುಳಿತ.

ಎರಡು ದಿನದ ಮೇಲೆ ಪ್ರಯೋಗಶಾಲೆಯಲ್ಲಿ ಅಪ್ಪಾಸಾಬ ಸ್ಪಿರಿಟ್ ದೀಪಗಳ ಬತ್ತಿ ಸರಿಮಾಡುತ್ತಿದ್ದ. ಕೈಯಲ್ಲಿನ ದೀಪವನ್ನು ಕೆಳಗಿಟ್ಟು, ಬಟ್ಟೆಗೆ ಬೆರಳು ಒರೆಸಿಕೊಂಡು, "ಸರ, ಒಂದ್ ಮಾತ್ ಕೇಳ್ಲೇನ್ರಿ?" ಎಂದ.

"ಕೇಳು."

"ಅಕ್ಕಾರು ಕೊಟ್ಟ ಅಣಬಿ ಔಷಧಿ ಐತೆಲ್ರಿ. ಅದರಾಗ ಅದು ಐತೇನ್ರಿ?"

ಅದು ಎಂದರೆ ಯಾವುದು ಎಂದು ಕೇಳುವಷ್ಟು ನಾಟಕ ಅವನಿಗೆ ಬರಲಿಲ್ಲ. ಕಿಟಕಿಯ ಹೊರಗೆ ಎಂಟನೆಯ ತರಗತಿಯ ಮಕ್ಕಳು ಕಬಡ್ಡಿ ಆಡುತ್ತಿದ್ದರು, ಯಾರೋ ಔಟಲ್ಲ ಔಟಲ್ಲ ಎಂದು ಕಿರುಚುತ್ತಿದ್ದರು. ಹೌದು ಅಂದರೆ ಇವನು ಸಂಜೆಯೇ ಸೀಸೆ ತಂದು ಸುನಂದಾಳಿಗೆ ಮರಳಿಸುತ್ತಾನೆ, ಯಾಕೆಂದು ಹೇಳುತ್ತಾನೆ. ಕಟ್ಟೆ ಖಾಲಿಯಾಗುತ್ತದೆ. "ಇಲ್ಲ. ಅದು ಅಣಬಿದs ವಾಸನಿ. ಕೊಳೆತ ಕಟಿಗಿ ಮ್ಯಾಲೆ ಬೆಳದಿರ್ತೈತಿ ನೋಡು, ಅದರಾಗ ಕೆಲವು ರಾಸಾಯನಿಕ ಹಂಗ ನಾಲಿಗಿಗೆ ಬಿಸಿ ಹತ್ತತಾವು" ಎಂದ. ಪಾಠ ಮಾಡುವ ದನಿ ತಾನಾಗಿಯೇ ಬಂತು. ಸುಳ್ಳು ಎಷ್ಟು ಸಲೀಸಾಗಿ ವಿಜ್ಞಾನದ ಅಂಗಿ ಹಾಕಿಕೊಂಡಿತೆಂದು ಅವನಿಗೇ ಆಶ್ಚರ್ಯವಾಯಿತು.

ಅಪ್ಪಾಸಾಬ ಅವನ ಮುಖ ನೋಡಿದ. "ಹೌದ್ರಿ? ನೀವ್ ಅಂದ ಮ್ಯಾಲೆ ಆತು ಬಿಡ್ರಿ" ಎಂದು ಮತ್ತೆ ದೀಪ ಎತ್ತಿಕೊಂಡ.

ಅದು ಶುಕ್ರವಾರದ ಮಾತು. ಮರುದಿನ, ಹನ್ನೊಂದನೆಯ ದಿನ, ಶನಿವಾರದ ಬೆಳಗಿನ ಶಾಲೆ. ಅಪ್ಪಾಸಾಬ ಎಂದಿನಂತೆ ಗಂಟೆ ಬಾರಿಸಿದ, ನೀರು ತಂದಿಟ್ಟ. ಅವನ ಕಣ್ಣು, ನಡಿಗೆ, ಲೋಟ ಇಡುವ ಕೈ, ಎಲ್ಲವನ್ನೂ ಬಸಂತರಾಯ ಕಳ್ಳನ ಹಾಗೆ ಪರೀಕ್ಷಿಸಿದ. ಏನೂ ಕಾಣಲಿಲ್ಲ. ಏನೂ ಆಗುವುದಿಲ್ಲ, ಹನಿಯಲ್ಲಿ ಏನಿದೆ ಎಂದುಕೊಂಡ. ಆದರೆ ಸೋಮವಾರ ಗಂಟೆ ಬಾರಿಸಿದ್ದು ಬೇರೆ ಯಾರೋ, ಒಂದು ಏಟು ಹೆಚ್ಚು ಬಾರಿಸಿದರು. ಮಂಗಳವಾರವೂ ಅಪ್ಪಾಸಾಬ ಬರಲಿಲ್ಲ. ಹೆಡ್‌ಮಾಸ್ತರರು "ಫೋನೂ ಎತ್ತವಲ್ಲ ನೋಡ್ರಿ, ಮತ್ತ ಸುರು ಮಾಡ್ಯಾನೋ ಏನೋ" ಎಂದು ತಮ್ಮಷ್ಟಕ್ಕೆ ಅಂದುಕೊಂಡಂತೆ ಅಂದರು. ಆಮೇಲೆ ಅವನತ್ತ ನೋಡಿ, ಆಡಬಾರದವರ ಮುಂದೆ ಆಡಿದೆನೆಂದು ಮುಖ ತಿರುಗಿಸಿದರು. ಬಿಡುವಿನ ವೇಳೆಯಲ್ಲಿ ಬಸಂತರಾಯ ಪ್ರಜ್ಞಾಳನ್ನು ವರಾಂಡದಲ್ಲಿ ನಿಲ್ಲಿಸಿದ. ಬೂಟಿನ ದಿನದಿಂದ ಅವಳ ಹತ್ತಿರ ಪಾಠದ ಹೊರಗೆ ಒಂದು ಮಾತೂ ಆಡಿರಲಿಲ್ಲ.

"ನಿಮ್ಮಪ್ಪ ಎಲ್ಲಿ?"

"ಮನ್ಯಾಗ ಅದಾರ್ರಿ ಸರ."

"ಆರಾಮ ಇಲ್ಲೇನು?"

"ಆರಾಮ ಅದಾರ್ರಿ. ಅವ್ವ ಹೊರಗಿಂದ ಚಿಲಕ ಹಾಕ್ಯಾಳ್ರಿ. ಅಪ್ಪಾನs ಹಾಕು ಅಂದಾರ್ರಿ" ಎಂದಳು ಹುಡುಗಿ, ಪಾಠ ಒಪ್ಪಿಸುವ ಹಾಗೆ, ಅವನ ಕಣ್ಣು ನೋಡುತ್ತ.

ಶಾಲೆ ಬಿಟ್ಟ ಮೇಲೆ ತಾಳಿಕೋಟಿ ರಸ್ತೆಯ ಕಡೆ ಸ್ಕೂಟರು ಓಡಿಸಿದ. ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬಂದಿತ್ತು, ಮೋಡ ಬರೀ ನೆರಳು ಕೊಟ್ಟು ಹೋಗುತ್ತಿತ್ತು. ಹೋಗಿ ಏನು ಹೇಳುವುದೆಂದು ಗೊತ್ತಿರಲಿಲ್ಲ. ಹೋಗದೆ ಇರಲಾರೆ ಎಂಬುದಷ್ಟೇ ಗೊತ್ತಿತ್ತು. ಅಪ್ಪಾಸಾಬನ ಮನೆಯ ಮುಂದೆ ಅವನ ಹೆಂಡತಿ ಸಾವಂತ್ರವ್ವ ಮೊರದಲ್ಲಿ ಹೆಸರು ಕೇರುತ್ತಿದ್ದಳು. ಬೆನ್ನ ಹಿಂದಿನ ಬಾಗಿಲಿಗೆ ಚಿಲಕ ಹಾಕಿ, ಅದರ ತೂತಿಗೆ ಒಂದು ಕಡ್ಡಿ ಸಿಗಿಸಿದ್ದರು. ಬೀಗವಲ್ಲ, ಬರೀ ಬೇವಿನ ಕಡ್ಡಿ. "ಬರ್ರಿ ಸರ" ಎಂದು ಸೆರಗು ಸರಿಮಾಡಿಕೊಂಡು ಎದ್ದು, ಕಡ್ಡಿ ತೆಗೆದು ಬಾಗಿಲು ನೂಕಿದಳು. ಒಳಗೆ ಅಪ್ಪಾಸಾಬ ಬನಿಯನ್ನಿನಲ್ಲಿ ಗೋಡೆಗೆ ಆನಿಕೊಂಡು ಕೂತಿದ್ದ. ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಪ್ರಜ್ಞಾಳ ಪುಸ್ತಕಗಳು. ಅವನು ಕುಡಿದಿರಲಿಲ್ಲ. ಬಾಗಿಲಲ್ಲಿ ನಿಂತೇ ಬಸಂತರಾಯ ಮೊದಲು ಮೂಸಿ ನೋಡಿದ್ದ, ಸುನಂದಾ ಅಂಗಿ ಮೂಸುವ ಹಾಗೆ.

"ಕೂಡ್ರಿ ಸರ, ಅಲ್ಲಿ ಮಂಚದ ಮ್ಯಾಲೆ. ಮೂರು ದಿನ ತಗೊಂಡ್ನಿರಿ. ನೀವ್ ಇಲ್ಲ ಅಂದ ಮ್ಯಾಲೆ ಮತ್ತೊಂದು ದಿನ ತಗೊಂಡ್ನಿ. ನನ್ನ ನಾಲಿಗೀನs ಸುಳ್ಳು ಹೇಳಾಕತ್ತೈತಿ, ಸರ ಕಲ್ತಾವ್ರು ಅಂತ. ಭಾನುವಾರ ಮಧ್ಯಾಹ್ನ ಉಂಡು ಕುಂತಿದ್ನಿರಿ. ಕಾಲು ತಾವs ಎದ್ದು ಬಸ್ ಸ್ಟ್ಯಾಂಡಿಗೆ ಹೊಂಟ್ವು. ಸೆರೆ ಅಂಗಡಿ ಎದುರಿಗೆ ಗಿಡದ ಕೆಳಗ ನಿಂತ್ನಿ. ಎಷ್ಟೊತ್ತು ನಿಂತ್ನೋ ಗೊತ್ತಿಲ್ರಿ. ಪ್ರಜ್ಞಾ ಬಂದು ಕೈ ಹಿಡಕೊಂಡು ಕರ್ಕೊಂಡು ಬಂದ್ಳು. ಏನೂ ಅನ್ನಲಿಲ್ರಿ ಆಕಿ. ಅಂದಿದ್ರ ಚಲೋ ಇತ್ತು." ಬಾಗಿಲ ಕಡೆ ನೋಡಿ, "ಅದಕ್ಕ ಚಿಲಕ ಹಾಕ್ಸೇನ್ರಿ. ಇನ್ನೆರಡು ದಿನ. ಮೊದಲ ಸಲ ಬಿಟ್ಟಾಗೂ ಹಿಂಗs ಮಾಡಿದ್ದೆ" ಎಂದ.

ಹೇಗೆ ಬಿಟ್ಟೆ ಎಂದು ಕೇಳದೇ ಉಳಿದ ಪ್ರಶ್ನೆಗೆ ಉತ್ತರ ಇದೇ ಆಗಿತ್ತು. ಒಂದು ಬಾಗಿಲು, ಒಂದು ಕಡ್ಡಿ, ಹೊರಗೆ ಒಬ್ಬ ಹೆಂಗಸು. "ಅಪ್ಪಾಸಾಬ, ನಾ ಅವತ್ತ..." ಎಂದು ಬಸಂತರಾಯ ಶುರುಮಾಡಿದ. ಅಪ್ಪಾಸಾಬ ಕೈ ಅಡ್ಡ ಮಾಡಿದ. "ಇರ್ಲಿ ಬಿಡ್ರಿ ಸರ. ನಿಮ್ಮ ಜಾಗದಾಗ ನಾ ಇದ್ದಿದ್ರ ನಾನೂ ಇಲ್ಲ ಅಂತಿದ್ನಿ." ಎದ್ದು, ಗೂಡಿನಿಂದ ಹಾಳೆಯಲ್ಲಿ ಸುತ್ತಿದ ಸೀಸೆ ತೆಗೆದು ಅವನ ಮುಂದೆ ಹಿಡಿದ. "ತಗೊಳ್ರಿ. ನಿಮಗ ಬೇಕಾಗ್ತೈತಿ. ಚೆಲ್ಲಾಕ ಹೋದ್ನಿ, ಕೈ ಬರಲಿಲ್ಲ. ಅಕ್ಕಾರ ಮುಂದ ನಾ ಏನೂ ಅನ್ನಂಗಿಲ್ರಿ." ಆ ದನಿಯಲ್ಲಿ ಎಲ್ಲಾದರೂ ಹೀಯಾಳಿಕೆ ಇದೆಯೇ ಎಂದು ಬಸಂತರಾಯ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಎದ್ದು ಬರಬಹುದಾಗಿತ್ತು. ಒಬ್ಬ ಕುಡುಕ ಇನ್ನೊಬ್ಬ ಕುಡುಕನಿಗೆ ತೋರಿಸುವ ಮರ್ಯಾದೆ ಮಾತ್ರ ಅಲ್ಲಿತ್ತು. ಮಾಸ್ತರ ಕೈ ಚಾಚಿ ಸೀಸೆ ತೆಗೆದುಕೊಂಡ. ಬೇಡ ಅನ್ನಬಹುದಾಗಿತ್ತು, ತೆಗೆದುಕೊಂಡ. ಹೊರಗೆ ಬಂದು ಸ್ಕೂಟರಿನ ಡಿಕ್ಕಿಯಲ್ಲಿಡುವಾಗ, "ಸಾವಂತ್ರಿ, ಚಿಲಕ ಹಾಕು" ಎಂದು ಒಳಗಿನಿಂದ ಕೂಗಿದ್ದು ಕೇಳಿಸಿತು.

ಮನೆಗೆ ಬಂದಾಗ ಸಂಜೆಯಾಗಿತ್ತು, ಸೀಸೆಯನ್ನು ಡಿಕ್ಕಿಯಲ್ಲೇ ಬಿಟ್ಟ. ಚನ್ನವ್ವ ಮೊಮ್ಮಗಳನ್ನು ಕರೆದುಕೊಂಡು ಪುರಾಣಕ್ಕೆ ಹೋಗಿದ್ದಳು, ಗುಡಿಯ ಮೈಕಿನಿಂದ ಹಾರ್ಮೋನಿಯಂ ಕೇಳುತ್ತಿತ್ತು. ಸುನಂದಾ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಈಚೆಗೆ ಹಾಗೆ ಕಾಯುವುದು ಅವಳಿಗೆ ಇಷ್ಟವಾಗಿತ್ತು. ಮೊದಲೆಲ್ಲ ಕಾಯುವಾಗ ಅವಳ ಮುಖ ಗಟ್ಟಿಯಾಗಿರುತ್ತಿತ್ತು, ಈಗ ನೋಡಿದರೆ ಸಣ್ಣ ವಯಸ್ಸಿನವಳಂತೆ ಕಾಣುತ್ತಾಳೆ. ಅದನ್ನು ನೋಡಲಾಗದೆ ಅವನು ಕೈಕಾಲು ತೊಳೆಯಲು ಬಹಳ ಹೊತ್ತು ಮಾಡಿದ. "ಚೇತನ್ಯಾಗ ಫೋನ್ ಮಾಡಿದ್ನಿರಿ. ಭಾನುವಾರ ಹತ್ತು ಸೀಸೆ ತರ್ತಾನ. ಓಣ್ಯಾಗ ಮೂರು ಮಂದಿ ಕೇಳ್ಯಾರ, ಬಾಗೇವಾಡಿಯೊಳಗ ನಮ್ಮ ಚಿಕ್ಕವ್ವನ ಅಳಿಯಗೂ ಒಂದು ಬೇಕಂತ. ನಮ್ಮನ್ಯಾರು ಹೆಂಗ ಆಗ್ಯಾರ ಬಂದು ನೋಡ್ರಿ ಅಂತ ನಾನs ಹೇಳೇನಿ. ಬಾಯಿ ತಗೀರಿ."

ಅವನು ಬಾಯಿ ತೆರೆದ. ನಾಲಗೆ ಮೇಲೆತ್ತಿದ. ಡ್ರಾಪರಿನ ತುದಿಯಲ್ಲಿ ಕಂದು ಹನಿ ದುಂಡಗಾಗುತ್ತಿತ್ತು. ಆಮೇಲೆ ನೆನೆದುಕೊಂಡಾಗ, ತಾನು ಹೇಳಿದ್ದು ಒಳ್ಳೆಯತನದಿಂದಲ್ಲ ಎಂಬುದು ಅವನಿಗೆ ಸ್ಪಷ್ಟವಿತ್ತು. ಹತ್ತು ಸೀಸೆ ಎಂದಾಗ ಬಾಯಲ್ಲಿ ನೀರೂರಿತು, ಊರಿದ್ದಕ್ಕೆ ಹೇಸಿಗೆಯಾಯಿತು, ಸಾಕಾಗಿಹೋಯಿತು, ಅಷ್ಟೇ.

"ಇದರಾಗ ಸೆರೆ ಐತಿ" ಎಂದ.

ಬಾಯಿ ತೆರೆದೇ ಹೇಳಿದ್ದರಿಂದ ಅವಳಿಗೆ ತಿಳಿಯಲಿಲ್ಲ. ಏನಂದ್ರಿ ಎಂದಳು. ಅವನು ಬಾಯಿ ಮುಚ್ಚಿ, ಎಂಜಲು ನುಂಗಿ, ಮತ್ತೆ ಹೇಳಿದ. ಚೀಟಿಯ ಮೂಲೆ ಎಬ್ಬಿಸಿ ತೋರಿಸಿದ. ಎಷ್ಟು ದಿನದಿಂದ ಗೊತ್ತು ಎಂದು ಅವಳು ಕೇಳಿದಳು, ಹೇಳಿದ. ಮುಚ್ಚಳ ಸೋರುತ್ತಿರಲಿಲ್ಲ ಎಂಬುದನ್ನೂ ಹೇಳಿದ. ಸುನಂದಾ ಅಳಲಿಲ್ಲ, ಒದರಲಿಲ್ಲ. ಸಿಂದಗಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಲೆಕ್ಕ ಹಾಕುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು.

"ಅಪ್ಪಾಸಾಬಗ?" ಎಂದಳು.

"ಅವಗ ತಾನs ಗೊತ್ತಾಗೇತಿ. ಕೇಳಿದ್ದ. ನಾ ಇಲ್ಲ ಅಂದಿದ್ದೆ."

ಅವಳು ತೀರ್ಥ ತೆಗೆದುಕೊಳ್ಳುವ ಹಾಗೆ ಬಲಗೈ ಗುಳಿಮಾಡಿ, ಎಡಗೈಯಿಂದ ಡ್ರಾಪರ್ ಹಿಂಡಿದಳು. ಮೂರ್ನಾಲ್ಕು ಹನಿ ಬಿದ್ದವು. ಬೇಡ ಎನ್ನುವುದರೊಳಗೆ ಅಂಗೈಯನ್ನು ಬಾಯಿಗೆ ಹಚ್ಚಿ ನೆಕ್ಕಿದಳು. ಹುಟ್ಟಿದಾಗಿನಿಂದ ಆ ವಸ್ತು ಅವಳ ಬಾಯಿಗೆ ಬಿದ್ದಿರಲಿಲ್ಲ. ಅದರ ವಾಸನೆಯನ್ನು ಮಾತ್ರ ಹಾಸಿಗೆಯಲ್ಲಿ, ಬಟ್ಟೆಯಲ್ಲಿ, ಮಗಳ ನಾಮಕರಣದ ದಿನ ತೊಟ್ಟಿಲ ಹತ್ತಿರ ಬಗ್ಗಿದ ಅವನ ಬಾಯಲ್ಲಿ ಕುಡಿದವಳು. ಮುಖ ಹಿಂಡಿಕೊಂಡಳು.

"ಇದs ಏನ್ರಿ?"

"ಹೂಂ."

"ಬರೇ ಕಹಿ ಐತಿ."

"ಕಹಿ ಅಣಬಿದು. ಸ್ವಲ್ಪ ತಡಿ. ಅದರ ಹಿಂದ ಬಿಸಿ ಬರ್ತೈತಿ ನೋಡು" ಎಂದ. ಅಂದದ್ದು ಕಿವಿಗೆ ಬಿದ್ದಾಗ, ತಾನು ಅವಳಿಗೆ ಕುಡಿಯುವುದನ್ನು ಹೇಳಿಕೊಡುತ್ತಿದ್ದೇನೆ ಎಂದು ತಿಳಿಯಿತು.

ಅವಳು ಇನ್ನೂ ನಾಲ್ಕು ಹನಿ ಹಾಕಿಕೊಂಡು ನೆಕ್ಕಿದಳು. ಕಣ್ಣು ಮುಚ್ಚಿ ಕಾದಳು. ಏನಾದರೂ ಇದ್ದರೆ ತನಗೆ ತಪ್ಪಿಹೋಗಬಾರದು ಎಂಬಂತೆ ಪ್ರಾಮಾಣಿಕವಾಗಿ, ಪೂರ್ತಿ ಮನಸ್ಸಿಟ್ಟು ಕಾದಳು. ಗುಡಿಯ ಮೈಕಿನಲ್ಲಿ ಯಾರೋ ಕೆಮ್ಮಿದರು, ಹಾರ್ಮೋನಿಯಂ ನಿಂತಿತು. ಸುನಂದಾ ಕಣ್ಣು ತೆರೆದು ಗಂಡನನ್ನು ನೋಡಿದಳು.

"ಇಷ್ಟಕ್ಕೇನ್ರಿ?" ಎಂದಳು.

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಒದ್ದೆಯಾದ ಅಂಗೈಯನ್ನು ಒರೆಸಿಕೊಳ್ಳದೆ ಹಾಗೆಯೇ ಹಿಡಿದುಕೊಂಡು, ಅವನು ಹೇಳಲೆಂದು ಕೂತಿದ್ದಳು.